ಇಯಾ ಕಣಿವೆಗೆ ಹೋದರೆ ಸೇತುವೆ ನೋಡಿ ವಾಪಸ್ ಬರಬೇಡಿ, ಅಲ್ಲೇ ಉಳಿದುಕೊಳ್ಳಿ

ಒಸಾಕಾದಲ್ಲಿರುವ ನಾನು ಜಪಾನಿನ ಈ ಇಯಾ ಕಣಿವೆಗೆ ಹೋಗಿದ್ದು ಎರಡು ಸಲ. ಮೊದಲ ಸಲ ಹೋಗಿ ಬಂದಾಗ ಗೆಳತಿಯರಿಗೆಲ್ಲ "ಅಂಥದ್ದೇನಿಲ್ಲ, ಒಂದು ಬಳ್ಳಿ ಸೇತುವೆ ಇದೆ ಅಷ್ಟೇ" ಅಂದಿದ್ದೆ. ಆ ಮಾತು ತಪ್ಪು. ಕಳೆದ ನವೆಂಬರಿನ ಮೊದಲ ವಾರ ಅಮ್ಮನನ್ನು ಕರೆದುಕೊಂಡು ಹೋಗಿ, ಅಲ್ಲಿನ ಒಂದು ರೈತರ ಮನೆಯಲ್ಲಿ ಮೂರು ರಾತ್ರಿ ಇದ್ದು ಬಂದೆ. ಅದಕ್ಕೇ ಈ ವಿಮರ್ಶೆ. ಕನ್ನಡದವರು ಜಪಾನಿಗೆ ಬಂದರೆ ಟೋಕಿಯೊ, ಕ್ಯೋಟೊ, ಫುಜಿ ಬೆಟ್ಟ ನೋಡಿ ಹೊರಟುಬಿಡುತ್ತಾರೆ. ಇನ್ನೊಂದು ನಾಲ್ಕು ದಿನ ಕೈಯಲ್ಲಿದ್ದರೆ ಎಲ್ಲಿಗೆ ಹೋಗಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಇದು.

ಮೊದಲು ಜಾಗ ಎಲ್ಲಿದೆ ಹೇಳುತ್ತೇನೆ. ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಚಿಕ್ಕದು ಶಿಕೋಕು. ಅದರ ಪೂರ್ವಕ್ಕೆ ತೊಕುಶಿಮಾ ಪ್ರಾಂತ್ಯ, ಆ ಪ್ರಾಂತ್ಯದ ಪಶ್ಚಿಮದ ಬೆಟ್ಟಗಳ ಒಳಗೆ ಇಯಾ. ಹೆಸರಿಗೆ ಇದು ಮಿಯೋಶಿ ನಗರಕ್ಕೆ ಸೇರಿದೆ. 2006ರಲ್ಲಿ ಸುತ್ತಲಿನ ಊರುಗಳನ್ನೆಲ್ಲ ಸೇರಿಸಿ ಅದನ್ನು ನಗರ ಅಂತ ಮಾಡಿದರು, ಆದರೆ ಇಯಾದಲ್ಲಿ ನಗರದ ಗುರುತು ಒಂದೂ ಸಿಗುವುದಿಲ್ಲ. ಕಡಿದಾದ ಬೆಟ್ಟ, ಕೆಳಗೆ ಹಸಿರು ನೀರಿನ ಹೊಳೆ, ಬೆಟ್ಟದ ಹೊಟ್ಟೆಗೆ ಅಂಟಿಕೊಂಡ ಹಾಗೆ ಹತ್ತಿಪ್ಪತ್ತು ಮನೆಗಳ ಹಳ್ಳಿಗಳು. ಜಪಾನಿನ ಮೂರು ದೊಡ್ಡ ಗುಪ್ತ ಸೀಮೆಗಳಲ್ಲಿ ಇದೂ ಒಂದು ಅಂತ ಅವರೇ ಹೇಳಿಕೊಳ್ಳುತ್ತಾರೆ. ಇನ್ನೊಂದಾದ ಶಿರಕಾವಾಗೊಗೆ ಈಗ ಜನ ತುಂಬಿ ತುಳುಕುತ್ತಾರೆ. ಇಯಾದ ಒಳಭಾಗ ಇನ್ನೂ ಸುಮ್ಮನಿದೆ.

ಮೊದಲ ಸಲ ನಾನು ಹೋಗಿದ್ದು ಒಂದು ಟೂರ್ ಕಂಪನಿಯ ಬಸ್ಸಿನಲ್ಲಿ, ಒಸಾಕಾದಿಂದ ಬೆಳಗ್ಗೆ ಹೊರಟು ರಾತ್ರಿ ವಾಪಸ್. ಬಸ್ಸಿನಲ್ಲಿ ಕೂತಿದ್ದೇ ಇಡೀ ದಿನ. ಸೇತುವೆಯ ಹತ್ತಿರ 40 ನಿಮಿಷ ಬಿಟ್ಟರು, ಅದರಲ್ಲಿ ಅರ್ಧ ಹೊತ್ತು ಸಾಲಿನಲ್ಲಿ ನಿಂತೆವು. ಊಟಕ್ಕೆ ದೊಡ್ಡ ಹಾಲ್‌ನಲ್ಲಿ ಎಲ್ಲರಿಗೂ ಒಂದೇ ಥರದ ತಣ್ಣಗಿನ ತಟ್ಟೆ. ಅಷ್ಟು ದುಡ್ಡು ಕೊಟ್ಟು ಇಷ್ಟೇನಾ ಅನ್ನಿಸಿತ್ತು. ದಯವಿಟ್ಟು ಹೀಗೆ ಹೋಗಬೇಡಿ. ಒಂದೇ ದಿನ ಇದ್ದರೆ ಇಯಾಕ್ಕೆ ಹೋಗುವುದೇ ಬೇಡ, ಅದೇ ದಿನದಲ್ಲಿ ಒಸಾಕಾ ಹತ್ತಿರದ ನಾರಾ ನೋಡಿ, ಚೆನ್ನಾಗಿರುತ್ತದೆ.

ಈ ಸಲ ಗಾಡಿ ಬಾಡಿಗೆಗೆ ತಗೊಂಡೆ. ಒಕಾಯಾಮಾದಿಂದ ರೈಲಿನಲ್ಲಿ ಸಮುದ್ರದ ಮೇಲಿನ ಸೆತೊ ಸೇತುವೆ ದಾಟಿ ಶಿಕೋಕುವಿನ ತಕಾಮತ್ಸುಗೆ ಬಂದು, ಅಲ್ಲಿಂದ ಒಂದು ಪುಟ್ಟ ಕಾರು, ಅಲ್ಲಿ ಪುಟ್ಟ ಕಾರುಗಳಿಗೆ ಹಳದಿ ನಂಬರ್ ಪ್ಲೇಟು. ದೊಡ್ಡ ಕಾರು ತಗೊಳ್ಳಬೇಡಿ, ಇಯಾದ ರಸ್ತೆ ನೋಡಿದ ಮೇಲೆ ನಿಮಗೇ ಗೊತ್ತಾಗುತ್ತದೆ. ನಮ್ಮ ಹಾಗೇ ಅಲ್ಲೂ ಎಡಗಡೆ ಓಡಿಸಬೇಕು, ಹಾಗಾಗಿ ಕೈ ಬೇಗ ಹೊಂದಿಕೊಳ್ಳುತ್ತದೆ. ಪ್ರವಾಸಕ್ಕೆ ಬರುವವರು ಊರಿನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಬಂದರೆ ಅದು ಜಪಾನಿನಲ್ಲಿ ನಡೆಯುತ್ತದೆ. ಮೂಲ ಲೈಸೆನ್ಸ್, ಪಾಸ್‌ಪೋರ್ಟ್ ಎರಡೂ ಜೊತೆಗಿರಲಿ.

ಕಣಿವೆಯ ಒಳಗೆ ರಸ್ತೆ ಎಷ್ಟೋ ಕಡೆ ಒಂದೇ ಗಾಡಿಯ ಅಗಲ. ಎದುರಿಗೆ ಬಂದರೆ ಒಬ್ಬರು ಹಿಂದೆ ಹೋಗಿ ಅಗಲವಾದ ಜಾಗದಲ್ಲಿ ನಿಲ್ಲಬೇಕು. ತಿರುವಿಗೊಂದು ದೊಡ್ಡ ಕನ್ನಡಿ ನೆಟ್ಟಿರುತ್ತಾರೆ, ಅದನ್ನು ನೋಡಿಕೊಂಡೇ ಓಡಿಸಬೇಕು. ಕಣಿವೆಯ ಮೇಲ್ಭಾಗದಲ್ಲಿ ಹೋಗುವ 439ನೇ ಹೆದ್ದಾರಿಗೆ ಅಲ್ಲಿನವರು ಅಂಕಿಗಳ ಜಪಾನಿ ಉಚ್ಚಾರವನ್ನೇ ಸೇರಿಸಿ 'ಯೊಸಾಕು' ಅಂತ ಹೆಸರಿಟ್ಟಿದ್ದಾರೆ. ಹೆಸರಿಗೆ ರಾಷ್ಟ್ರೀಯ ಹೆದ್ದಾರಿ, ಕೆಲವು ಕಡೆ ನಮ್ಮ ಕಾಫಿ ತೋಟದ ದಾರಿಗಿಂತ ಕಿರಿದು. ಆದರೆ ಯಾರೂ ಹಾರನ್ ಹೊಡೆಯುವುದಿಲ್ಲ, ಯಾರೂ ನುಗ್ಗುವುದಿಲ್ಲ. ದಾರಿ ಬಿಟ್ಟರೆ ಕೈ ಎತ್ತಿ, ತಲೆ ಬಾಗಿಸಿ ಹೋಗುತ್ತಾರೆ. ಅಮ್ಮ ಹಿಂದಿನ ಸೀಟಿನಲ್ಲಿ ಕೂತು ಶಿರಾಡಿ ಘಾಟಿ, ಚಾರ್ಮಾಡಿ ಘಾಟಿ ಎರಡನ್ನೂ ನೆನೆಸಿಕೊಂಡು ದೇವರ ಹೆಸರು ಹೇಳುತ್ತಿದ್ದರು. ಒಂದು ಎಚ್ಚರಿಕೆ, ಫೋನಿನ ನಕ್ಷೆ ಹತ್ತಿರದ ದಾರಿ ಅಂತ ಕಾಡಿನೊಳಗಿನ ರಸ್ತೆಗೆ ಕಳಿಸುತ್ತದೆ. ನಮ್ಮನ್ನೂ ಕಳಿಸಿತು, ಕಲ್ಲು ಬಿದ್ದಿದ್ದ ಆ ದಾರಿಯಲ್ಲಿ ಮುಕ್ಕಾಲು ಗಂಟೆ ಹೋಯಿತು. ಉಳಿಯುವ ಮನೆಯವರನ್ನೇ ದಾರಿ ಕೇಳಿ ಬರೆದುಕೊಳ್ಳಿ.

ಗಾಡಿ ಓಡಿಸದವರು ಒಕಾಯಾಮಾದಿಂದ 'ನಾನ್‌ಪು' ಅನ್ನುವ ರೈಲು ಹತ್ತಿ ಒಬೊಕೆಯಲ್ಲಿ ಇಳಿಯಬಹುದು, ಸುಮಾರು ಎರಡು ಗಂಟೆ. ಒಬೊಕೆ ಅಂದರೆ ದೊಡ್ಡ ಹೆಜ್ಜೆ ಇಟ್ಟರೆ ಅಪಾಯ, ಪಕ್ಕದ ಕೊಬೊಕೆ ಅಂದರೆ ಚಿಕ್ಕ ಹೆಜ್ಜೆ ಇಟ್ಟರೂ ಅಪಾಯ ಅಂತ ಅರ್ಥ ಹೇಳುತ್ತಾರೆ. ಯೊಶಿನೊ ನದಿ ಕೊರೆದ ಆ ಕಲ್ಲಿನ ಕಮರಿ ನೋಡಿದರೆ ಹೆಸರು ಸರಿಯಾಗೇ ಇದೆ ಅನ್ನಿಸುತ್ತದೆ. ಒಬೊಕೆಯಿಂದ ಒಳಗೆ ಬಸ್ಸು ಇದೆ, ಆದರೆ ದಿನಕ್ಕೆ ಕೆಲವೇ ಕೆಲವು. ಒಂದು ತಪ್ಪಿಸಿಕೊಂಡರೆ ಅರ್ಧ ದಿನ ಹೋದ ಹಾಗೆ. ವೇಳಾಪಟ್ಟಿ ಕೈಯಲ್ಲಿ ಹಿಡಿದೇ ಯೋಚನೆ ಮಾಡಿ.

ಈಗ ನಾವು ಉಳಿದ ಮನೆಯ ವಿಷಯ. ಹೆಸರು ಹಾಕುವುದಿಲ್ಲ, ಅವರಿಬ್ಬರೂ ಎಪ್ಪತ್ತು ದಾಟಿದ ಗಂಡ ಹೆಂಡತಿ, ಒಂದು ಹೊತ್ತಿಗೆ ಒಂದೇ ಕುಟುಂಬವನ್ನು ಇಟ್ಟುಕೊಳ್ಳುತ್ತಾರೆ, ಜಾಸ್ತಿ ಜನ ಬಂದರೆ ಅವರಿಗೆ ಕಷ್ಟ. ಇಂಥ ಮನೆಗಳು ಆ ಭಾಗದಲ್ಲಿ ಸಾಕಷ್ಟಿವೆ, ಅಲ್ಲಿನ ಪ್ರವಾಸೋದ್ಯಮ ಸಂಸ್ಥೆಗೆ ಬರೆದರೆ ಗೊತ್ತು ಮಾಡಿಕೊಡುತ್ತಾರೆ. ನಾವು ಕೊಟ್ಟಿದ್ದು ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ತಲೆಗೆ ದಿನಕ್ಕೆ 11,000 ಯೆನ್. ಅಗ್ಗ ಅಂತ ಹೇಳುವುದಿಲ್ಲ. ಆದರೆ ಒಸಾಕಾದ ಒಂದು ಹೋಟೆಲ್ ಕೋಣೆಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಎರಡು ಹೊತ್ತಿನ ಮನೆ ಊಟವೂ ಬರುತ್ತದೆ, ಕೇಳಿದ್ದಕ್ಕೆಲ್ಲ ಕೂತು ಉತ್ತರ ಹೇಳುವ ಮನುಷ್ಯರೂ ಸಿಗುತ್ತಾರೆ.

ಮನೆ ಹಳೆಯದು. ಹುಲ್ಲಿನ ಸೂರು, ಅದರ ಮೇಲೆ ತಗಡು ಹೊದಿಸಿದ್ದಾರೆ. ಆ ಕಡೆ ಬಹಳ ಮನೆಗಳು ಈಗ ಹೀಗೇ ಇವೆ, ಹುಲ್ಲು ಹೊದಿಸುವ ಕೈಗಳು ಕಡಿಮೆಯಾಗಿವೆ. ಒಳಗೆ ನಡುಮನೆಯ ನೆಲದಲ್ಲಿ ಚೌಕವಾಗಿ ತೋಡಿದ ಒಲೆ, ಅದಕ್ಕೆ ಇರೊರಿ ಅನ್ನುತ್ತಾರೆ. ಮೇಲಿಂದ ಇಳಿಬಿಟ್ಟ ಕೊಕ್ಕೆಗೆ ಕೆಟಲ್ ಸದಾ ತೂಗುತ್ತಿರುತ್ತದೆ. ತೊಲೆಗಳೆಲ್ಲ ಹೊಗೆ ಹಿಡಿದು ಕಪ್ಪಗೆ ಮಿರಮಿರ ಮಿಂಚುತ್ತವೆ. ಆ ಹೊಗೆಯಿಂದಲೇ ಹುಲ್ಲಿಗೂ ಮರಕ್ಕೂ ಹುಳ ಹಿಡಿಯುವುದಿಲ್ಲವಂತೆ. ಇದನ್ನು ಕೇಳಿ ಅಮ್ಮ ತಲೆಯಾಡಿಸಿದರು. ನಮ್ಮ ಅಜ್ಜಿ ಮನೆಯ ಅಟ್ಟದಲ್ಲೂ ಅದೇ ಕಪ್ಪು, ಅದೇ ವಾಸನೆ ಇತ್ತು.

ಚಳಿ ಮಾತ್ರ ಜಾಸ್ತಿ. ಕೋಣೆಗೂ ಕೋಣೆಗೂ ನಡುವೆ ಇರುವುದು ಕಾಗದದ ಬಾಗಿಲು. ಬೆಳಗಿನ ಜಾವ 5 ಡಿಗ್ರಿ ಇತ್ತು. ಹಾಸಿಗೆ ಒಳಗೆ ಬಿಸಿ ಚೀಲ ಇಟ್ಟುಕೊಟ್ಟರು, ಸೀಮೆಎಣ್ಣೆ ಹೀಟರ್ ಇತ್ತು, ಆದರೂ ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಉಣ್ಣೆ ಕಾಲುಚೀಲ, ಶಾಲು, ಟೋಪಿ ತಪ್ಪದೆ ಇಟ್ಟುಕೊಳ್ಳಿ. ಚಳಿ ತಡೆಯಲು ಆಗುವುದೇ ಇಲ್ಲ ಅನ್ನುವವರಿಗೆ ಬೇರೆ ದಾರಿ ಇದೆ. ಅಲೆಕ್ಸ್ ಕೆರ್ ಅಂತ ಒಬ್ಬ ಅಮೆರಿಕದವರು 1973ರಲ್ಲಿ ಇಲ್ಲಿ ಪಾಳು ಬಿದ್ದ, ಸುಮಾರು 300 ವರ್ಷದ ಒಂದು ಹುಲ್ಲಿನ ಮನೆ ಕೊಂಡು ದುರಸ್ತಿ ಮಾಡಿದರು. ಚಿಇಯೊರಿ ಅನ್ನುವ ಆ ಮನೆಯಲ್ಲಿ ಈಗ ಉಳಿಯಬಹುದು. ಆಮೇಲೆ ಇದೇ ಕಣಿವೆಯ ಒಚಿಆಯಿ ಹಳ್ಳಿಯ ಹಲವು ಹಳೆ ಮನೆಗಳನ್ನೂ ಅವರ ಕೈಯಲ್ಲೇ ದುರಸ್ತಿ ಮಾಡಿಸಿದ್ದಾರೆ. ಹೊರಗಿಂದ ಹಳೆಯ ಮನೆ, ಒಳಗೆ ನೆಲವೇ ಬೆಚ್ಚಗಿರುವ ವ್ಯವಸ್ಥೆ. ಬೆಲೆ ಜಾಸ್ತಿ, ಆದರೆ ನಾಲ್ಕೈದು ಜನ ಸೇರಿ ಹೋದರೆ ಪರವಾಗಿಲ್ಲ.

ಊಟದ ಬಗ್ಗೆ ಸ್ವಲ್ಪ ದೊಡ್ಡದಾಗೇ ಬರೆಯುತ್ತೇನೆ, ಯಾಕೆಂದರೆ ನಮ್ಮವರು ಮೊದಲು ಕೇಳುವುದೇ ಅದು. ಅಮ್ಮ ಸಸ್ಯಾಹಾರಿ. ಜಪಾನಿನಲ್ಲಿ ತರಕಾರಿ ಪಲ್ಯ ಅಂತ ಕೊಟ್ಟರೂ ಅದರ ನೀರು ಒಣಮೀನಿನ ಸಾರು ಆಗಿರುತ್ತದೆ. ದಾರಿಯಲ್ಲಿ ಒಂದು ಹೋಟೆಲ್‌ನಲ್ಲಿ ಮೀನಿಲ್ಲ ಅಂತ ಎರಡು ಸಲ ಹೇಳಿ ಕೊಟ್ಟ ನೂಡಲ್ಸ್ ಸಾರಿನಲ್ಲಿ ಮೀನಿನ ಚೂರೇ ತೇಲುತ್ತಿತ್ತು, ಅಮ್ಮ ಬರೀ ಅನ್ನ ಉಪ್ಪಿನಕಾಯಿ ತಿಂದು ಎದ್ದರು. ಅಲ್ಲಿನವರ ಲೆಕ್ಕದಲ್ಲಿ ಸಾರು ಅಂದರೆ ಮೀನು ಅಲ್ಲ, ಅದಕ್ಕೇ ಹೀಗಾಗುತ್ತದೆ. ಉಳಿಯುವ ಮನೆಗೆ ನಾನು ಎರಡು ವಾರ ಮೊದಲೇ ಜಪಾನಿ ಭಾಷೆಯಲ್ಲಿ ಬರೆದಿದ್ದೆ: ಮಾಂಸ ಬೇಡ, ಮೀನು ಬೇಡ, ಕತ್ಸುಒಬುಶಿ (ಒಣಮೀನು) ಹಾಕಿದ ದಾಶಿ (ಸಾರು) ಬೇಡ, ಕೊಂಬು (ಕಡಲ ಪಾಚಿ) ಮತ್ತು ಶಿಇತಾಕೆ ಅಣಬೆಯ ದಾಶಿ ಆಗುತ್ತದೆ. ಹೀಗೇ, ಇದೇ ಹೆಸರುಗಳನ್ನು ಹಾಕಿ ಬರೆಯಿರಿ. ಸಸ್ಯಾಹಾರಿ ಅಂತ ಒಂದೇ ಮಾತು ಬರೆದರೆ ಸಾಲದು.

ಮನೆಯ ಅಜ್ಜಿ ಅದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದರು. ಮೊದಲ ರಾತ್ರಿ ಒಲೆಯ ಸುತ್ತ ಬೂದಿಯಲ್ಲಿ ಕಡ್ಡಿಗಳನ್ನು ಚುಚ್ಚಿ ನಿಲ್ಲಿಸಿದ್ದರು. ಒಂದೊಂದು ಕಡ್ಡಿಯಲ್ಲೂ ಪುಟ್ಟ ಆಲೂಗಡ್ಡೆ, ತೋಫು, ಕೊನ್ಯಾಕು, ಮೇಲೆ ಮಿಸೊ ಅನ್ನುವ ಹುದುಗಿಸಿದ ಸೋಯಾ ಪೇಸ್ಟ್ ಸವರಿ, ಬೆಂಕಿಯ ಕಡೆ ತಿರುಗಿಸುತ್ತಾ ತಿರುಗಿಸುತ್ತಾ ಸುಡುತ್ತಾರೆ. ಹೆಸರು ದೆಕೊಮಾವಾಶಿ. ದೆಕೊ ಅಂದರೆ ಅಲ್ಲಿನ ಬೊಂಬೆಯಾಟದ ಬೊಂಬೆ, ಕಡ್ಡಿ ತಿರುಗಿಸುವುದು ಬೊಂಬೆ ಕುಣಿಸಿದ ಹಾಗೆ ಕಾಣುತ್ತದೆ ಅಂತ ಆ ಹೆಸರು. ಇಲ್ಲಿನ ತೋಫುಗೆ ಕಲ್ಲು ತೋಫು ಅನ್ನುತ್ತಾರೆ. ಹಗ್ಗ ಕಟ್ಟಿ ಹೊತ್ತುಕೊಂಡು ಹೋದರೂ ಒಡೆಯುತ್ತಿರಲಿಲ್ಲವಂತೆ. ಬಾಯಿಗಿಟ್ಟರೆ ನಮ್ಮ ಪನೀರಿಗಿಂತ ಗಟ್ಟಿ, ಸೋಯಾ ರುಚಿ ದಟ್ಟವಾಗಿದೆ. ಸೂಪರ್ ಮಾರ್ಕೆಟ್ಟಿನ ನೀರು ನೀರು ತೋಫು ತಿಂದು ಬೇಜಾರಾದವರು ಇದನ್ನು ತಿಂದು ನೋಡಬೇಕು. ಕೊನ್ಯಾಕು ಆಗುವುದು ನಮ್ಮ ಸುವರ್ಣಗಡ್ಡೆಯ ಹತ್ತಿರದ ಜಾತಿಯ ಗಡ್ಡೆಯಿಂದ. ಅಜ್ಜಿ ಹಿತ್ತಲಿನಿಂದ ಒಂದು ಗಡ್ಡೆ ತಂದು ತೋರಿಸಿದ ಕೂಡಲೇ ಅಮ್ಮ, "ಮುಟ್ಟಿದ್ರೆ ಕೈ ಕಡೀತದೆ ಅಲ್ವಾ ಕೇಳೇ" ಅಂದರು. ಕೇಳಿದೆ. ಹೌದಂತೆ, ಅಲ್ಲೂ ಕಡಿಯುತ್ತದೆ.

ಇಯಾ ಸೊಬಾ ಅನ್ನುವ ಇಲ್ಲಿನ ನೂಡಲ್ಸ್ ಬಗ್ಗೆ ಬೇಜಾರಾಗಿದೆ ಅಂತ ಎಷ್ಟೋ ಜನ ಹೇಳುವುದನ್ನು ಕೇಳಿದ್ದೇನೆ, ಎಳೆ ತುಂಡು ತುಂಡಾಗಿ ಹೋಗುತ್ತದೆ ಅಂತ. ಅದು ಅದರ ಗುಣ. ಬೇರೆ ಕಡೆ ಬಕ್‌ವೀಟ್ ಅನ್ನುವ ಕಾಳಿನ ಹಿಟ್ಟಿಗೆ ಗೋಧಿ ಬೆರೆಸಿ ಎಳೆ ಉದ್ದ ಬರುವ ಹಾಗೆ ಮಾಡುತ್ತಾರೆ. ಇಲ್ಲಿ ಬೆರೆಸುವುದೇ ಇಲ್ಲ, ಅಥವಾ ತೀರಾ ಕಡಿಮೆ. ಹಾಗಾಗಿ ದಪ್ಪ, ಗಿಡ್ಡ, ಬೇಗ ಮುರಿಯುತ್ತದೆ, ಆದರೆ ಹೊಸ ಬೆಳೆಯ ಘಮ ಪೂರ್ತಿ ಸಿಗುತ್ತದೆ. ಹಿಂದೆ ಈ ಹಿಟ್ಟನ್ನು ಹೆಂಗಸರು ರಾತ್ರಿ ಬೀಸುವ ಕಲ್ಲಿನಲ್ಲಿ ಬೀಸುತ್ತಿದ್ದರು, ಬೀಸುವಾಗ ಹಾಡುವ ಪದಗಳಿಗೆ ಇಯಾ ಇಡೀ ಜಪಾನಿನಲ್ಲಿ ಹೆಸರುವಾಸಿ. ಅಜ್ಜಿ ಎರಡು ಸಾಲು ಹಾಡಿದರು. ಅಮ್ಮನಿಗೆ ಒಂದು ಪದವೂ ಅರ್ಥವಾಗಲಿಲ್ಲ. ಆದರೆ ಕಲ್ಲು ತಿರುಗುವ ಲಯ ಗೊತ್ತಾಯಿತು. "ಇದು ಬೀಸೋ ಪದ" ಅಂತ ನಾನು ಹೇಳುವ ಮೊದಲೇ ಹೇಳಿದರು.

ಎರಡನೇ ದಿನ ಬೆಳಗ್ಗೆ ಹೊಲಕ್ಕೆ ಹೋದೆವು. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಇದೇ ಮುಖ್ಯ, ಸೇತುವೆಗಿಂತಲೂ. ಹೊಲ ಅಂದರೆ ಮೆಟ್ಟಿಲು ಮೆಟ್ಟಿಲು ಗದ್ದೆ ಅಲ್ಲ. ಬೆಟ್ಟದ ಇಳಿಜಾರು ಹೇಗಿದೆಯೋ ಹಾಗೇ ಉಳುತ್ತಾರೆ, ಕೆಲವು ಕಡೆ 40 ಡಿಗ್ರಿ. ನಿಂತರೆ ಕಾಲು ಜಾರುತ್ತದೆ. ಮಳೆಗೆ ಮಣ್ಣು ಕೊಚ್ಚಿ ಹೋಗದ ಹಾಗೆ ಬೆಟ್ಟದ ಮೇಲಿನ ಹುಲ್ಲು ಕೊಯ್ದು, ಒಣಗಿಸಿ, ಕತ್ತರಿಸಿ ಹೊಲಕ್ಕೆ ಹೊದಿಸುತ್ತಾರೆ. ಅದೇ ಗೊಬ್ಬರವೂ ಆಗುತ್ತದೆ. ಆ ಹುಲ್ಲನ್ನು ಒಣಗಲು ಗೂಡಿನ ಹಾಗೆ ಕಟ್ಟಿ ನಿಲ್ಲಿಸಿರುತ್ತಾರೆ, ಹೆಸರು ಕೊಎಗುರೊ. ದೂರದಿಂದ ನೋಡಿದರೆ ನಮ್ಮ ಹುಲ್ಲಿನ ಮೆದೆಯ ಮರಿಗಳು ಬೆಟ್ಟದ ತುಂಬ ನಿಂತ ಹಾಗೆ. ಇಷ್ಟಾದರೂ ಮಣ್ಣು ಕೆಳಗೆ ಜಾರುತ್ತದೆ. ಜಾರಿದ ಮಣ್ಣನ್ನು ಉದ್ದ ಹಿಡಿಯ, ಹಲ್ಲಿರುವ ಒಂದು ಸಲಕರಣೆಯಿಂದ ಪ್ರತಿ ವರ್ಷ ಮೇಲಕ್ಕೆ ಎಳೆದು ಹಾಕುತ್ತಾರೆ. ಅಜ್ಜ ಮಾಡಿ ತೋರಿಸಿದರು. ಹತ್ತು ನಿಮಿಷ ನಾನೂ ಎಳೆದೆ, ಸೊಂಟ ಹಿಡಿದುಕೊಂಡಿತು. ನೂರಾರು ವರ್ಷದಿಂದ ಹೀಗೆ ನಡೆದು ಬಂದ ಈ ಬೇಸಾಯವನ್ನು 2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಮಹತ್ವದ ಕೃಷಿ ಪರಂಪರೆ ಅಂತ ಗುರುತಿಸಿದೆ. ನೋಡುವವರಿಗೆ ಅದು ಗೌರವ. ಮಾಡುವವರು ಕಡಿಮೆಯಾಗುತ್ತಿದ್ದಾರೆ. ಆ ಅಜ್ಜನ ಮಕ್ಕಳಿಬ್ಬರೂ ದೂರದ ಊರುಗಳಲ್ಲಿ ಕೆಲಸದಲ್ಲಿದ್ದಾರೆ, ಮುಂದೆ ಈ ಹೊಲ ಯಾರು ಮಾಡುತ್ತಾರೆ ಅಂತ ಕೇಳಿದ್ದಕ್ಕೆ ಅವರು ಬೆಟ್ಟದ ಆಚೆ ಬದಿಯ ಕಾಡು ತೋರಿಸಿದರು. ಅದೂ ಒಂದು ಕಾಲದಲ್ಲಿ ಹೊಲವೇ ಆಗಿತ್ತಂತೆ.

ಮನೆಗೆ ವಾಪಸ್ ಬರುವಾಗ ಅಮ್ಮ ನಿಂತುಬಿಟ್ಟರು. ಸೂರಿನ ಕೆಳಗೆ ಜೋಳದ ತೆನೆ, ಮೂಲಂಗಿ, ಪರ್ಸಿಮನ್ ಹಣ್ಣುಗಳ ಸರ ಎಲ್ಲ ಒಣ ಹಾಕಿದ್ದರು. ಅದರ ಪಕ್ಕದಲ್ಲಿ ಒಂದು ಕಟ್ಟು, ಬೆರಳು ಮಡಚಿದ ಹಾಗಿರುವ ಕಂದು ತೆನೆಗಳು.

"ಇದು ರಾಗಿ ಕಣೇ!"

ನಾನು ನಂಬಲಿಲ್ಲ. ಅಮ್ಮ ಚನ್ನರಾಯಪಟ್ಟಣದ ಕಡೆಯವರು, ಹುಟ್ಟಿದಾಗಿನಿಂದ ರಾಗಿ ನೋಡಿದವರು, ಅವರಿಗೆ ತಪ್ಪಾಗುವುದಿಲ್ಲ. ಒಂದು ತೆನೆ ಅಂಗೈಯಲ್ಲಿ ಉಜ್ಜಿ, ಊದಿ, ಕಾಳು ಬಾಯಿಗೆ ಹಾಕಿಕೊಂಡರು. ಅಜ್ಜಿಯನ್ನು ಕೇಳಿದರೆ 'ಶಿಕೋಕುಬಿಯೆ' ಅಂದರು, ಅಂದರೆ ಶಿಕೋಕುವಿನ ಸಿರಿಧಾನ್ಯ. ಆ ರಾತ್ರಿ ಫೋನಿನಲ್ಲಿ ಸಸ್ಯಶಾಸ್ತ್ರದ ಹೆಸರು ಹುಡುಕಿ ನೋಡಿದೆ, ಹೌದು, ರಾಗಿಯೇ. ಆಫ್ರಿಕಾದ ಎತ್ತರದ ಸೀಮೆಯಲ್ಲಿ ಹುಟ್ಟಿ, ನಮ್ಮಲ್ಲಿಗೆ ಬಂದು ಬೇರೂರಿದ ಅದೇ ಬೆಳೆ, ಇಷ್ಟು ದೂರದ ದ್ವೀಪದ ಬೆಟ್ಟಕ್ಕೂ ಬಂದು ಆ ದ್ವೀಪದ ಹೆಸರನ್ನೇ ಇಟ್ಟುಕೊಂಡಿದೆ. ಭತ್ತ ಆಗದ ಇಂಥ ಬೆಟ್ಟಗಳಲ್ಲಿ ಜನ ಬದುಕಿದ್ದೇ ನವಣೆ, ಬರಗು, ರಾಗಿ, ಬಕ್‌ವೀಟ್ ತಿಂದು. ತೊಕುಶಿಮಾದ ಹಳೆಯ ಹೆಸರು ಆವಾ. ಆವಾ ಅಂದರೆ ನವಣೆ, ಹೆಸರು ಬಂದದ್ದೂ ಅದರಿಂದಲೇ ಅನ್ನುತ್ತಾರೆ.

ಅಜ್ಜಿಯ ಹತ್ತಿರ ಬೀಸಿದ ಹಿಟ್ಟು ಒಂದು ಲೋಟದಷ್ಟಿತ್ತು. ಅವರು ಅದರಲ್ಲಿ ಉಂಡೆ ಮಾಡುತ್ತಾರೆ. ಅಮ್ಮ ನನ್ನ ಮುಖ ನೋಡಿದರು, ನಾನು ಅಜ್ಜಿಯ ಮುಖ ನೋಡಿದೆ. ಆಮೇಲೆ ಎಸರಿಟ್ಟಾಯಿತು. ಕೋಲಿಗೆ ಒಲೆ ಪಕ್ಕದ ಒಂದು ಬಿದಿರಿನ ತುಂಡು ತೊಳೆದು ಕೊಟ್ಟರು. ಅಮ್ಮ ಪಾತ್ರೆಯನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು ಗಂಟಾಗದ ಹಾಗೆ ತಿರುವಿದ್ದನ್ನು ಅಜ್ಜಿ ಕಣ್ಣು ಮಿಟುಕಿಸದೆ ನೋಡಿದರು. ನಿಂಬೆ ಗಾತ್ರದ ನಾಲ್ಕು ಮುದ್ದೆ ಆಯಿತು. ಸಾರು ಇರಲಿಲ್ಲ, ಮಿಸೊ ಸಾರಿನಲ್ಲೇ ಅದ್ದಿದೆವು, ಚೆನ್ನಾಗೇ ಹೊಂದಿತು. ಅಜ್ಜ ಅಗಿಯಲು ಶುರು ಮಾಡಿದಾಗ ಅಮ್ಮ ಗಂಟಲು ತೋರಿಸಿ ಕನ್ನಡದಲ್ಲೇ "ಅಗೀಬಾರ್ದು, ನುಂಗಿ" ಅಂದರು. ಅವರು ನುಂಗಿದರು. ನಾನು ಅನುವಾದ ಮಾಡಬೇಕಾಗಿರಲಿಲ್ಲ.

ಇನ್ನು ನೋಡುವ ಜಾಗಗಳು. ಒಚಿಆಯಿ ಹಳ್ಳಿಯನ್ನು ಎದುರು ಬೆಟ್ಟದ ನಾಕಾಗಾಮಿ ಕಡೆಯಿಂದ ನೋಡಬೇಕು. ಕೆಳಗಿನ ಮನೆಗೂ ಮೇಲಿನ ಮನೆಗೂ ಸುಮಾರು 390 ಮೀಟರ್ ಎತ್ತರದ ವ್ಯತ್ಯಾಸ, ಒಂದೇ ಊರಿನಲ್ಲಿ. ಬೆಳಗ್ಗೆ ಮಂಜು ಇಳಿದು ಮನೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. 2005ರಿಂದ ಇದು ಸರ್ಕಾರ ಕಾಪಾಡುವ ಪಾರಂಪರಿಕ ಊರುಗಳ ಪಟ್ಟಿಯಲ್ಲಿದೆ. ಜನ ಇನ್ನೂ ವಾಸ ಇದ್ದಾರೆ, ಅಂಗಳಕ್ಕೆ ನುಗ್ಗಿ ಫೋಟೊ ತೆಗೆಯಬೇಡಿ.

ಅಲ್ಲಿಂದ ಮೇಲೆ ಹೋದರೆ ನಾಗೊರೊ. ಬೆರ್ಚಪ್ಪಗಳ ಊರು. ತ್ಸುಕಿಮಿ ಅಯಾನೊ ಅನ್ನುವ ಹೆಂಗಸು ಒಸಾಕಾದಿಂದ ತಂದೆಯನ್ನು ನೋಡಿಕೊಳ್ಳಲು ಊರಿಗೆ ವಾಪಸ್ ಬಂದವರು, ಹಕ್ಕಿ ಓಡಿಸಲು ಹೊಲಕ್ಕೆ ತಂದೆಯ ಹಾಗಿರುವ ಒಂದು ಬೆರ್ಚಪ್ಪ ಮಾಡಿ ನಿಲ್ಲಿಸಿದರು. ಆಮೇಲೆ ಊರಲ್ಲಿ ಸತ್ತವರ, ಊರು ಬಿಟ್ಟು ಹೋದವರ ನೆನಪಿಗೆ ಒಂದೊಂದಾಗಿ ಮಾಡುತ್ತಾ ಹೋದರು. ಈಗ ಊರಲ್ಲಿ ಮನುಷ್ಯರು ಕೆಲವೇ ಜನ, ಬೊಂಬೆಗಳು ನೂರಾರು. ಬಸ್ ನಿಲ್ದಾಣದಲ್ಲಿ ಕಾಯುತ್ತಾ ಕೂತಿವೆ, ಹೊಲದಲ್ಲಿ ಬಗ್ಗಿ ಕೆಲಸ ಮಾಡುತ್ತಿವೆ. ಹೆದರಿಕೆ ಹುಟ್ಟಿಸುವ ಜಾಗ ಅಂತ ಎಷ್ಟೋ ಜನ ವಿಡಿಯೊ ಮಾಡಿ ಹಾಕುತ್ತಾರೆ, ನನಗೆ ಅದು ಸರಿ ಕಾಣಲಿಲ್ಲ. ಹತ್ತಿರ ಹೋಗಿ ನೋಡಿದರೆ ಒಂದೊಂದು ಮುಖದಲ್ಲೂ ಬೇರೆ ಬೇರೆ ಸುಕ್ಕು, ಬೇರೆ ಬೇರೆ ನಗು, ಪ್ರೀತಿಯಿಂದ ಹೊಲಿದ ಹೊಲಿಗೆ. ಅಲ್ಲಿನ ಶಾಲೆ 2012ರಲ್ಲಿ ಮುಚ್ಚಿತು, ತರಗತಿಯಲ್ಲಿ ಈಗ ಬೊಂಬೆ ಮಕ್ಕಳು, ಬೊಂಬೆ ಮೇಷ್ಟ್ರು. ಅಮ್ಮ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಅವರು ಓದಿದ ಊರಿನ ಶಾಲೆಗೂ ಮಕ್ಕಳಿಲ್ಲದೆ ಬೀಗ ಬಿದ್ದಿದೆ. ಕಾರಿಗೆ ಬಂದ ಮೇಲೆ ಆ ಶಾಲೆಯಲ್ಲಿ ಜೊತೆಗೆ ಓದಿದವರ ಹೆಸರುಗಳನ್ನು ಹೇಳುತ್ತಾ ಹೋದರು.

ಬಳ್ಳಿ ಸೇತುವೆಗಳು ಎರಡು ಕಡೆ ಇವೆ. ಎಲ್ಲರೂ ಹೋಗುವುದು ಪಶ್ಚಿಮ ಇಯಾದ ಕಜುರಾಬಾಶಿಗೆ. ಉದ್ದ 45 ಮೀಟರ್, ಹೊಳೆಯಿಂದ 14 ಮೀಟರ್ ಎತ್ತರ. ಕಾಡಿನ ಶಿರಾಕುಚಿ ಬಳ್ಳಿಯಿಂದ ಹೆಣೆದದ್ದು, ಕಿವಿ ಹಣ್ಣಿನ ಜಾತಿಯ ಬಳ್ಳಿ ಅದು. 3 ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗಿ ಕಟ್ಟುತ್ತಾರೆ. ಈಗ ಒಳಗೆ ಉಕ್ಕಿನ ಹಗ್ಗ ಇದೆ, ಭಯ ಬೇಡ, ಆದರೂ ಕಾಲಿನ ಕೆಳಗಿನ ಮರದ ಪಟ್ಟಿಗಳ ನಡುವೆ ಹೊಳೆ ಕಾಣುತ್ತದೆ, ಎದೆ ಡವಗುಟ್ಟುತ್ತದೆ. ನಾನು ಹೋದಾಗ ಟಿಕೆಟ್ 550 ಯೆನ್, ಒಂದೇ ಕಡೆಗೆ ದಾಟಬೇಕು. 1185ರಲ್ಲಿ ಗೆಂಜಿ ವಂಶದ ಎದುರು ಸೋತ ಹೇಕೆ ವಂಶದವರು ಇಲ್ಲಿಗೆ ಓಡಿ ಬಂದು ಅಡಗಿದರು, ಶತ್ರು ಬಂದರೆ ಕತ್ತರಿಸಿ ಹಾಕಲು ಸುಲಭ ಅಂತ ಬಳ್ಳಿಯ ಸೇತುವೆ ಕಟ್ಟಿದರು ಅಂತ ಕಥೆ ಇದೆ. ಪಕ್ಕದಲ್ಲೇ ದೊಡ್ಡ ಕಾಂಕ್ರೀಟ್ ಪಾರ್ಕಿಂಗ್ ಕಟ್ಟಿದ್ದಾರೆ, ಆ ಜಾಗದ ಅಂದ ಅದರಿಂದ ಕೆಟ್ಟಿದೆ. ಬೆಳಗ್ಗೆ ತೆರೆದ ಕೂಡಲೇ ಹೋಗಿ, ಟೂರ್ ಬಸ್ಸುಗಳು ಬರುವ ಮೊದಲು.

ನನಗೆ ಇಷ್ಟವಾದದ್ದು ಮೇಲ್ಗಡೆ, ನಾಗೊರೊ ದಾಟಿದ ಮೇಲೆ ಸಿಗುವ ಜೋಡಿ ಸೇತುವೆಗಳು. ಗಂಡ ಸೇತುವೆ, ಹೆಂಡತಿ ಸೇತುವೆ ಅಂತ ಹೆಸರು. ಸುತ್ತ ದಟ್ಟ ಕಾಡು, ನಾವು ಹೋದಾಗ ಮೇಪಲ್ ಎಲೆಗಳೆಲ್ಲ ಕೆಂಪಗೆ ಉರಿಯುತ್ತಿದ್ದವು, ನಮ್ಮ ಜೊತೆ ಇದ್ದವರು ಇನ್ನಿಬ್ಬರು ಮಾತ್ರ. ಅಲ್ಲೇ ಒಂದು ಮರದ ತೊಟ್ಟಿಲಿದೆ, ಅದರಲ್ಲಿ ಕೂತು ಹಗ್ಗ ಎಳೆದುಕೊಂಡು ಹೊಳೆ ದಾಟಬಹುದು. ಅಮ್ಮ ಗಂಡ ಸೇತುವೆಯನ್ನು ಬೇಡ ಅಂದರು, ಚಿಕ್ಕದಾದ ಹೆಂಡತಿ ಸೇತುವೆಯನ್ನು ಕೈ ಬಿಡದೆ ದಾಟಿದರು. ಸುಳ್ಯದ ಗಿರೀಶ್ ಭಾರದ್ವಾಜ್ ಅವರು ನಮ್ಮ ಮಲೆನಾಡಿನ ಹೊಳೆಗಳಿಗೆ ಕಟ್ಟಿದ ತೂಗುಸೇತುವೆ ದಾಟಿದ ಅಭ್ಯಾಸ ಇದ್ದವರಿಗೆ ಇದೇನೂ ಕಷ್ಟವಾಗಲಿಕ್ಕಿಲ್ಲ. ಚಳಿಗಾಲದಲ್ಲಿ ಇದು ಮುಚ್ಚಿರುತ್ತದೆ, ನೋಡಿಕೊಂಡು ಹೋಗಿ.

ಅದೇ ದಾರಿಯ ಕೊನೆಗೆ ತ್ಸುರುಗಿ ಬೆಟ್ಟ, 1,955 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಎತ್ತರ. ಅರ್ಧ ದಾರಿಗೆ ಕುರ್ಚಿ ಲಿಫ್ಟ್ ಇದೆ, ಮೇಲೆ ಒಂದು ಗಂಟೆಯೊಳಗಿನ ನಡಿಗೆ. ತುದಿಯಲ್ಲಿ ಮರವಿಲ್ಲ, ಗಿಡ್ಡ ಬಿದಿರಿನ ಹುಲ್ಲುಗಾವಲು, ನಡೆಯಲು ಹಲಗೆ ಹಾಸಿದ್ದಾರೆ. ಅಮ್ಮ ಲಿಫ್ಟಿನ ತನಕ ಬಂದು ಅಲ್ಲೇ ಬಿಸಿಲು ಕಾಯಿಸುತ್ತಾ ಕೂತರು, ನಾನೊಬ್ಬಳೇ ಹತ್ತಿದೆ.

ಬಿಸಿನೀರಿನ ಸ್ನಾನಕ್ಕೆ ಇಯಾ ಒನ್ಸೆನ್‌ನಲ್ಲಿ 170 ಮೀಟರ್ ಕೆಳಗಿನ ಹೊಳೆಯ ಅಂಚಿಗೆ ಪುಟ್ಟ ಕೇಬಲ್ ಕಾರಿನಲ್ಲಿ ಇಳಿಸುತ್ತಾರೆ. ನೀರು ಸುಡುವಷ್ಟು ಬಿಸಿ ಇಲ್ಲ, ಬೆಚ್ಚಗೆ, ನುಣ್ಣಗೆ, ಮುಕ್ಕಾಲು ಗಂಟೆ ಬೇಕಾದರೂ ಕೂರಬಹುದು. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಬಟ್ಟೆ ಹಾಕಿಕೊಂಡು ಇಳಿಯುವ ಹಾಗಿಲ್ಲ, ನಮ್ಮ ಅಮ್ಮಂದಿರಿಗೆ ಅದು ಕಷ್ಟ, ಒತ್ತಾಯ ಮಾಡಬೇಡಿ. ಅಮ್ಮ ಬರಲಿಲ್ಲ, ನಾವು ಉಳಿದ ಮನೆಯ ಸ್ನಾನದ ತೊಟ್ಟಿಯಲ್ಲೇ ಬಿಸಿನೀರು ತುಂಬಿಸಿಕೊಂಡು ಕೂತರು, ಖುಷಿಯಾಗೇ ಇದ್ದರು.

ಉಳಿದ ವಿಷಯ ಬೇಗ ಹೇಳಿಬಿಡುತ್ತೇನೆ. ನಗದು ಜಾಸ್ತಿ ಇಟ್ಟುಕೊಳ್ಳಿ, ಕಾರ್ಡ್ ಎಲ್ಲ ಕಡೆ ನಡೆಯುವುದಿಲ್ಲ. ಪೆಟ್ರೋಲ್ ಕಣಿವೆಗೆ ಇಳಿಯುವ ಮೊದಲೇ ತುಂಬಿಸಿ. ಸಂಜೆ ಐದರ ಮೇಲೆ ಅಂಗಡಿ ಹೋಟೆಲ್ ಸಿಗುವುದು ಕಷ್ಟ. ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ, ಜಿಂಕೆ, ಕಾಡುಹಂದಿ ಅಡ್ಡ ಬರುತ್ತವೆ. ಹಂದಿ ಕಾಟಕ್ಕೆ ಅಲ್ಲೂ ಹೊಲದ ಸುತ್ತ ಕರೆಂಟ್ ಬೇಲಿ. ಭಾಷೆ ಗೊತ್ತಿಲ್ಲದವರು ಫೋನಿನ ಅನುವಾದದಲ್ಲಿ ನಿಭಾಯಿಸಬಹುದು, ಆದರೆ ನಾಲ್ಕು ಜಪಾನಿ ಮಾತು ಕಲಿತು ಹೋದರೆ ಆ ಮನೆಗಳ ಬಾಗಿಲು ಇನ್ನೂ ಅಗಲವಾಗಿ ತೆರೆಯುತ್ತದೆ.

ಅಂಕ ಕೊಡಬೇಕೆಂದರೆ ರೈತರ ಮನೆಗೆ 5ಕ್ಕೆ 5. ಊಟಕ್ಕೆ, ಮೊದಲೇ ಬರೆದು ತಿಳಿಸಿದವರಿಗೆ 5, ಹಾಗೇ ಹೋದ ಸಸ್ಯಾಹಾರಿಗಳಿಗೆ 2. ಬಸ್ ಸೌಕರ್ಯಕ್ಕೆ 2. ಕಜುರಾಬಾಶಿಗೆ 3, ಜೋಡಿ ಸೇತುವೆಗೆ 5.

ಹೊರಡುವ ದಿನ ಅಜ್ಜಿ ಒಂದು ಹಿಡಿ ರಾಗಿ ತೆನೆಯನ್ನು ಕಾಗದದಲ್ಲಿ ಸುತ್ತಿ ಅಮ್ಮನ ಕೈಗೆ ಕೊಟ್ಟರು. ಬೀಜ ಅಂದ ಮೇಲೆ ಅನುಮತಿ ಪತ್ರ ಇಲ್ಲದೆ ಇಂಡಿಯಾಕ್ಕೆ ಒಯ್ಯುವ ಹಾಗಿಲ್ಲ ಅಂತ ನಾನು ಹೇಳಿದೆ. ಅಮ್ಮ ಅದನ್ನು ಒಸಾಕಾದ ನನ್ನ ಅಡುಗೆಮನೆಯ ಕಿಟಕಿಗೆ ಕಟ್ಟಿ ಹೋದರು. ಮೇ ತಿಂಗಳಲ್ಲಿ ಇಯಾದಲ್ಲಿ ಟೀ ಎಲೆ ಕೊಯ್ಯುತ್ತಾರಂತೆ. ಎರಡು ರಾತ್ರಿಗೆ ಅದೇ ಮನೆಗೆ ಹೇಳಿಟ್ಟಿದ್ದೇನೆ.